ಉಳಿದ ಹತ್ತು ದಿನ

ಲಕೋಟೆಯನ್ನು ಬಿಚ್ಚಬಾರದಿತ್ತು ಎಂದು ಸಂಗಮೇಶನಿಗೆ ಅನ್ನಿಸಿದ್ದು ಅದನ್ನು ಬಿಚ್ಚಿ, ಓದಿ, ಮತ್ತೆ ಮೊದಲಿನ ಮಡಿಕೆಯಲ್ಲೇ ಮಡಚಿ ಒಳಗಿಟ್ಟ ಮೇಲೆ. ಹೆಬ್ಬಾಳದ ಆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಒಂದಕ್ಕೊಂದು ಬೆಸೆದಿಟ್ಟ ಉಕ್ಕಿನ ಕುರ್ಚಿಗಳಲ್ಲಿ, ಅವನ ಪಕ್ಕ ನೀಲಕ್ಕ ಕೂತಿದ್ದಳು. ಬೆಳಿಗ್ಗೆ ನಾಲ್ಕು ಗಂಟೆಗೇ ಎದ್ದು ಅರವತ್ತು ರೊಟ್ಟಿ ಬಡಿದಿಟ್ಟು ಬಂದವಳು, ಉಗುರಿನ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟು. “ಏನ್ ಬರದಾರಪಾ?” ಎಂದು ಕೇಳಿದಳು. “ಎಲ್ಲಾ ಇಂಗ್ಲೀಷಿನ್ಯಾಗ ಐತಿ ಅಕ್ಕಾ, ಡಾಕ್ಟರ್ ಹೇಳ್ತಾರ” ಎಂದ. ಹದಿನೈದು ವರ್ಷದಿಂದ ಮಾತ್ರೆಯ ಬೆನ್ನ ಮೇಲಿನ ಇರುವೆಯಂಥ ಇಂಗ್ಲಿಷನ್ನು ಕನ್ನಡಕವಿಲ್ಲದೆ ಓದುವ ತಾನು ಹೀಗೆ ಹೇಳಿದ್ದನ್ನು ಆಕೆ ನಂಬಿದಳಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನಂಬಿದ್ದಷ್ಟೇ ಅಲ್ಲ, “ಹೌದ್ ಬಿಡು, ಅವರಿಗೇ ತಿಳೀಬೇಕು” ಎಂದು ಸೆರಗಿನಿಂದ ಬಾಯೊರೆಸಿಕೊಂಡಳು. ಹೊಟ್ಟೆಯ ಒಳಪದರದಿಂದ ಕಿತ್ತ ಆರು ಚೂರುಗಳಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಹೇರಳವಾಗಿ ಸಿಕ್ಕಿದೆ ಎಂದು ಆ ಕಾಗದದಲ್ಲಿತ್ತು. ಅದರ ಕೆಳಗಿನ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಲಿಂಫೋಮಾ ಎಂದಿತ್ತು. ಎರಡನೆಯ ಪದ ಅವನನ್ನು ಹೆದರಿಸಿತು. ಆದರೆ ಅವನು ಮತ್ತೆ ಮತ್ತೆ ಓದಿದ್ದು ಮೊದಲನೆಯ ಪದವನ್ನು.

ಆ ಬ್ಯಾಕ್ಟೀರಿಯಾದ ಹೆಸರನ್ನು ನೀಲಕ್ಕನ ಚೀಟಿಯ ಮೇಲೆ ಅವನು ಓದಿದ್ದು ಇದೇ ಮೊದಲಲ್ಲ. ಆರು ವರ್ಷದ ಹಿಂದೆ, ಯಶವಂತಪುರದಲ್ಲಿ ಆಗ ಇದ್ದು ಈಗ ಮುಚ್ಚಿಹೋದ ಒಂದು ಕ್ಲಿನಿಕ್ಕಿನ ವಯಸ್ಸಾದ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಆಕೆ ಮತ್ತಿಕೆರೆಯ ಅವನ ಮೆಡಿಕಲ್ ಶಾಪಿಗೆ ಬಂದಿದ್ದಳು. ಹದಿನಾಲ್ಕು ದಿನದ ಮಾತ್ರೆ, ಬೆಳಿಗ್ಗೆ ಮೂರು ಸಂಜೆ ಮೂರು, ಒಂದೊಂದು ದಿನದ್ದು ಒಂದೊಂದು ಪಟ್ಟಿ. ಅವನ ಅಂಗಡಿಯಿಂದ ಮೂರು ಬಾಗಿಲು ಆಚೆಗೆ ಆಕೆಯ ರೊಟ್ಟಿ ಖಾನಾವಳಿ. ಗಂಡ ಸತ್ತ ಮೇಲೆ ಇಳಕಲ್ಲಿನಿಂದ ಮಗಳನ್ನು ಕಟ್ಟಿಕೊಂಡು ಬಂದು, ಕಾಲೇಜಿನ ಹುಡುಗರಿಗೂ ಫ್ಯಾಕ್ಟರಿಯವರಿಗೂ ರೊಟ್ಟಿ ಹಾಕುತ್ತ ಆ ಮಗಳನ್ನು ಓದಿಸಿ, ಗದಗಿನಲ್ಲಿ ಬ್ಯಾಂಕಿನ ಕೆಲಸಕ್ಕೆ ಸೇರಿಸಿದವಳು. ಅಂಗಡಿ ತೆರೆದ ಮೊದಲ ವಾರವೇ ಇವನ ಮಾತು ಕೇಳಿ, “ಯಾವೂರಪಾ ನಿಂದು? ಗುಳೇದಗುಡ್ಡೇನು? ಹಂಗಾರ ನಮ್ಮ ಹುಡುಗ ಆದಿ” ಎಂದು ಅಂದಿನಿಂದ ತಮ್ಮಾ ಎಂದೇ ಕರೆದಳು. ಈಗಲೂ ಮಗಳು ರಕ್ಷಾ ರಜೆ ಸಿಗಲಿಲ್ಲವೆಂದು ಫೋನಿನಲ್ಲಿ ಅತ್ತಾಗ, “ಅಳಬ್ಯಾಡ, ಸಂಗಮೇಶ ಅದಾನ, ಅವಂಗ ಗುಳಿಗಿ ಭಾಷೆ ತಿಳೀತೈತಿ” ಎಂದು ಸಮಾಧಾನ ಹೇಳಿದ್ದಳು. ಅವನು ಆ ಮಾತನ್ನು ಖಾನಾವಳಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೇಳಿಸಿಕೊಂಡಿದ್ದ, ಬೆಲ್ಲ ಬಾಯಿಗೆ ಹಾಕಿಕೊಂಡವನ ಹಾಗೆ.

ಎದುರಿನ ಗೋಡೆಯ ಮೇಲಿನ ಪರದೆಯಲ್ಲಿ ಟೋಕನ್ ಸಂಖ್ಯೆ ಬದಲಾದಾಗಲೆಲ್ಲ ಗಂಟೆಯ ಸದ್ದಾಗುತ್ತಿತ್ತು. ಆರು ವರ್ಷದ ಹಿಂದೆ, ಮಾತ್ರೆ ಶುರುಮಾಡಿದ ನಾಲ್ಕನೆಯ ದಿನ ಆಕೆ ಬಂದಾಗ ಅಂಗಡಿಯ ಮುಂದೆ ಐದಾರು ಜನ ನಿಂತಿದ್ದರು. ಕೌಂಟರಿನ ಗಾಜಿಗೆ ಎರಡೂ ಅಂಗೈ ಊರಿ, “ತಮ್ಮಾ, ಬಾಯಿ ತಾಮ್ರದ ಚರಗಿ ನೆಕ್ಕಿದಂಗ ಆಗೈತಿ. ಮುಂಜಾನಿಂದ ಮೂರು ಸಲ ಕಾರ್ಕೊಂಡೆ. ಒಲಿ ಮುಂದ ನಿಂದ್ರಾಕ ಆಗವಲ್ದು. ಮುಗಿಯೂ ಮಟಾ ಹತ್ತು ದಿನ ಖಾನಾವಳಿ ಮುಚ್ಚಿಬಿಡ್ಲೇನು ಅಂತೀನಿ” ಎಂದಿದ್ದಳು. ಆಗ ಅವನ ಹೆಂಡತಿ ದಾಕ್ಷಾಯಣಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಮೂರು ಹೊತ್ತೂ ಅವನ ಊಟ ನೀಲಕ್ಕನಲ್ಲಿ. ಹಿಂದಿನ ಎರಡು ದಿನ ಆಕೆ ಬಾಗಿಲು ತೆರೆದಿರಲಿಲ್ಲ. ಅವನು ಬೀದಿ ಮೂಲೆಯ ಹೋಟೆಲಿನಲ್ಲಿ ಸೋಡಾ ಹಾಕಿದ ಅನ್ನ ತಿಂದು, ಬಿಸಿ ರೊಟ್ಟಿಯ ಮೇಲೆ ಎಣ್ಣೆಗಾಯಿ ಹಾಕಿಸಿಕೊಳ್ಳುವ ನೆನಪಿನಲ್ಲಿ ಸಿಡಿಮಿಡಿಗೊಂಡಿದ್ದ. ಇನ್ನೂ ಹತ್ತು ದಿನ ಎಂದಾಗ ಅವನಿಗೆ ಮೊದಲು ಕಂಡದ್ದು ಆಕೆಯ ಬಿಳಿಚಿದ ಮುಖವಲ್ಲ, ಆ ಸೋಡಾ ಅನ್ನ. “ಅಷ್ಟ್ ತ್ರಾಸ ಆಗ್ತಿದ್ರ ಯಾಕ ನುಂಗ್ತೀರಿ ಅಕ್ಕಾ? ನೋವು ಹೋತಿಲ್ಲೋ? ಬಿಟ್ಟುಬಿಡ್ರಿ. ಇದೊಂದು ಗ್ಯಾಸ್ಟ್ರಿಕ್ ಮಾತ್ರೆ ಖಾಲಿ ಹೊಟ್ಟಿಲೆ ತಗೋರಿ, ಸಾಕು” ಎಂದ. ಆಕೆಯ ಮುಖದ ಮೇಲೆ ಮೂಡಿದ ಬಿಡುಗಡೆಯನ್ನು ಕಂಡು ತಾನೇನೋ ಉಪಕಾರ ಮಾಡಿದೆ ಎಂದೂ ಅನ್ನಿಸಿತ್ತು. ಮರುದಿನ ಮಧ್ಯಾಹ್ನ ಊಟಕ್ಕೆ ಹೋದಾಗ ಆಕೆ ಎರಡರ ಬದಲು ಮೂರು ರೊಟ್ಟಿ ಹಾಕಿ, ಮೇಲೆ ಒಂದು ಚಮಚ ಬೆಣ್ಣೆ ಇಟ್ಟಿದ್ದಳು. ಅವನು ತಿಂದಿದ್ದ. ಅದರ ರುಚಿ ಈಗಲೂ ನೆನಪಿತ್ತು, ಅದೇ ದೊಡ್ಡ ಅಸಹ್ಯ. ಆಮೇಲೆ ಆರು ವರ್ಷ ಆಕೆ ಪ್ರತಿ ತಿಂಗಳೂ ಎರಡು ಪಟ್ಟಿ ಗ್ಯಾಸ್ಟ್ರಿಕ್ ಮಾತ್ರೆ ಒಯ್ಯುತ್ತಲೇ ಇದ್ದಳು. ಹೊಟ್ಟೆ ಉರಿ ಹೋಗಿಲ್ಲವೇ ಎಂದು ಅವನು ಕೇಳಲಿಲ್ಲ. ಹೋದ ತಿಂಗಳು ಆಕೆಯ ಸೊಂಟದ ನಿರಿಗೆ ಜಾರುವಷ್ಟು ಮೈ ಇಳಿದಾಗ, ಆಕೆಯನ್ನು ಆಸ್ಪತ್ರೆಗೆ ಅಟ್ಟಿದ್ದು ಖಾನಾವಳಿಗೆ ಬರುವ ಯಾರೋ ಗಿರಾಕಿ, ಅವನಲ್ಲ.

“ನೀಲಮ್ಮ!” ಎಂದು ಬಾಗಿಲ ಬಳಿಯ ಅಟೆಂಡರ್ ಕೂಗಿದ.

ಡಾಕ್ಟರ್ ಅತೀಯಾ ನಲವತ್ತರ ಆಸುಪಾಸಿನವರು, ತಲೆಯ ಮೇಲಿನ ದುಪಟ್ಟಾ ಜಾರದಂತೆ ಪಿನ್ ಹಾಕಿದ್ದರು. ಕಾಗದ ಓದಿ, ಕಂಪ್ಯೂಟರಿನತ್ತ ನೋಡದೆ ನೀಲಕ್ಕನನ್ನೇ ನೋಡುತ್ತ ಮಾತನಾಡಿದರು. “ನೋಡಿಮ್ಮಾ, ಸುಳ್ಳು ಹೇಳಲ್ಲ. ಇದು ಒಂಥರಾ ಕ್ಯಾನ್ಸರೇ. ಆದ್ರೆ ನಿಧಾನದ್ದು. ಹೊಟ್ಟೆ ಬಿಟ್ಟು ಆಚೆ ಹೋಗಿಲ್ಲ, ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಇಲ್ಲ.” ನೀಲಕ್ಕ ತಲೆ ಅಲ್ಲಾಡಿಸಿದಳು. ಬಸ್ಸಿನ ವೇಳೆ ಕೇಳಿಸಿಕೊಂಡವಳ ಹಾಗೆ. “ನಿಮ್ಮ ಹೊಟ್ಟೇಲಿ ಒಂದು ಬ್ಯಾಕ್ಟೀರಿಯಾ ಎಷ್ಟೋ ವರ್ಷದಿಂದ ಮನೆ ಮಾಡ್ಕೊಂಡಿದೆ. ಅದರ ಜೊತೆ ಹೊಡೆದಾಡೋಕೆ ಅಂತ ನಿಮ್ಮ ರಕ್ತದಲ್ಲಿರೋ ಕಾವಲು ಕಣಗಳು ಅಲ್ಲಿಗೆ ಬರ್ತವೆ. ಜಗಳ ಮುಗಿಯೋದೇ ಇಲ್ಲ, ಬಂದವು ವಾಪಸ್ ಹೋಗೋದೂ ಇಲ್ಲ. ಅಲ್ಲೇ ಬೆಳೀತಾ ಬೆಳೀತಾ, ಯಾವುದೋ ಒಂದು ಹೊತ್ತಲ್ಲಿ ಹಿಡಿತ ತಪ್ಪುತ್ತೆ. ಈ ಬ್ಯಾಕ್ಟೀರಿಯಾ ನಮ್ಮಲ್ಲಿ ಅರ್ಧ ಜನಕ್ಕಿರುತ್ತೆ. ಹೀಗೆ ತಿರುಗೋದು ಸಾವಿರಾರು ಜನದಲ್ಲಿ ಯಾರೋ ಒಬ್ಬರಿಗೆ.” ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, “ಒಳ್ಳೇ ಸುದ್ದಿ ಏನಂದ್ರೆ, ಬ್ಯಾಕ್ಟೀರಿಯಾನ ಓಡಿಸಿದ್ರೆ ಎಷ್ಟೋ ಜನಕ್ಕೆ ಇದು ತಾನಾಗೇ ಕರಗಿಹೋಗುತ್ತೆ. ಅದಕ್ಕೆ ಮೊದಲು ಹದಿನಾಲ್ಕು ದಿನ ಮಾತ್ರೆ. ಮಿಕ್ಕಿದ್ದು ಆಮೇಲೆ. ಒಂದು ಮುಖ್ಯ ಪ್ರಶ್ನೆ. ಈ ಬ್ಯಾಕ್ಟೀರಿಯಾಗೆ ಅಂತ ಮುಂಚೆ ಯಾವಾಗಾದ್ರೂ ಮಾತ್ರೆ ತಗೊಂಡಿದ್ರಾ? ಬೆಳಿಗ್ಗೆ ಮೂರು, ಸಂಜೆ ಮೂರು?”

ನೀಲಕ್ಕ ತಿರುಗಿ ಸಂಗಮೇಶನನ್ನು ನೋಡಿದಳು. ಅರೆಕ್ಷಣ. ಅವನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಜಠರದ ಮಾದರಿಯನ್ನು ನೋಡಿದ. ಅದರ ಒಂದು ಬದಿ ಬಾಗಿಲಿನಂತೆ ತೆರೆದುಕೊಂಡಿತ್ತು. “ಇಲ್ರೀ ಡಾಕ್ಟರಮ್ಮ” ಎಂದಳು ಆಕೆ. “ಬರೇ ಗ್ಯಾಸ್ಟ್ರಿಕ್ ಗುಳಿಗಿ ಅಷ್ಟ.” ಡಾಕ್ಟರು ಅವನತ್ತ ನೋಡಿ, “ನೀವು ಮಗನಾ?” ಎಂದರು. “ತಮ್ಮ ರೀ” ಎಂದಳು ನೀಲಕ್ಕ, ಅವನು ಬಾಯಿ ತೆರೆಯುವ ಮೊದಲೇ. ಡಾಕ್ಟರು ಬರೆಯತೊಡಗಿದರು. ತಲೆಕೆಳಗಾಗಿಯೂ ಅವನಿಗೆ ಓದಲು ಬಂತು. ಅದೇ ಮೂರು ಮಾತ್ರೆ. ಅರ್ಧಕ್ಕೆ ನಿಲ್ಲಿಸಿದರೆ ಬ್ಯಾಕ್ಟೀರಿಯಾದಲ್ಲಿ ಸಾಯುವುದು ಮೆತ್ತನೆಯವು, ಉಳಿಯುವುದು ಗಟ್ಟಿಯವು, ಮುಂದೆ ಅದೇ ಮಾತ್ರೆಗೆ ಅವು ಜಗ್ಗುವುದಿಲ್ಲ ಎಂದು ಡಿ.ಫಾರ್ಮಾ ಎರಡನೇ ವರ್ಷದಲ್ಲಿ ಬರೆದು ಅವನು ಹತ್ತಕ್ಕೆ ಒಂಬತ್ತು ಅಂಕ ಪಡೆದಿದ್ದ. ಈಗ ಹೇಳುತ್ತೇನೆ, ಪೆನ್ನು ಕೆಳಗಿಟ್ಟಾಗ ಹೇಳುತ್ತೇನೆ ಎಂದುಕೊಂಡ. ಡಾಕ್ಟರು ಪೆನ್ನು ಕೆಳಗಿಟ್ಟರು. ಅವನು “ಥ್ಯಾಂಕ್ಯೂ ಮೇಡಂ” ಎಂದ.

ಬಸ್ಸಿನಲ್ಲಿ ನೀಲಕ್ಕನಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ಅವನು ಹಿಂದೆ ಕಂಬಿ ಹಿಡಿದು ನಿಂತ. ಅಲ್ಲಿಂದ ಆಕೆಯ ತುರುಬು, ತುರುಬಿನ ಕೆಳಗಿನ ಸಣ್ಣಗಾದ ಕತ್ತು ಮಾತ್ರ ಕಾಣುತ್ತಿತ್ತು. ಆಕೆಗೆ ಕ್ಯಾನ್ಸರು ಎಂದು ಹೇಳಿ ಇನ್ನೂ ಕಾಲು ಗಂಟೆಯಾಗಿಲ್ಲ, ಆ ಕತ್ತು ಕಿಟಕಿಯತ್ತ ತಿರುಗಿ ಹೆಬ್ಬಾಳದ ಕೆರೆಯನ್ನು ನೋಡುತ್ತಿತ್ತು. ಅವನ ಜೇಬಿನಲ್ಲಿ ಚೀಟಿ. ಮನಸ್ಸು ಆಗಲೇ ದಾರಿ ಹುಡುಕುತ್ತಿತ್ತು. ನಾಳೆ ಆಸ್ಪತ್ರೆಗೆ ಫೋನ್ ಮಾಡಿದರಾಯಿತು, ಹೆಸರು ಹೇಳದೆ. ಅಥವಾ ಅದೂ ಬೇಡ, ಅಂಗಡಿಗೆ ಹೋಗಿ ಈ ಮೂರು ಮಾತ್ರೆಯ ಬದಲು ಬೇರೆ ನಾಲ್ಕು ಬಗೆಯದನ್ನು ತಾನೇ ಕೊಟ್ಟರಾಯಿತು. ಯಾವುದು ಕೊಡಬೇಕೆಂದು ತನಗೆ ಗೊತ್ತಿಲ್ಲವೇ? ಆಕೆಗೆ ಏನು ಗೊತ್ತಾಗುತ್ತದೆ, ಕೊಟ್ಟದ್ದನ್ನು ನುಂಗುತ್ತಾಳೆ. ಯಾರಿಗೂ ಏನೂ ತಿಳಿಯದ ಹಾಗೆ ಸರಿಹೋಗುತ್ತದೆ. ಹೀಗೆ ಯೋಚಿಸುತ್ತ ಅವನಿಗೆ ಸ್ವಲ್ಪ ಹಗುರವೂ ಆಯಿತು. ಆ ಹಗುರ ಅವನಿಗೆ ಪರಿಚಿತವೆನಿಸಿತು. ಗಾಜಿನ ಕೌಂಟರಿನ ಹಿಂದೆ ನಿಂತು ಬಿಟ್ಟುಬಿಡ್ರಿ ಎಂದ ದಿನದ್ದೇ ಹಗುರ ಅದು. ಅದೇ ದನಿಯಲ್ಲಿ ಅದೇ ಮನುಷ್ಯ ಎರಡನೆಯ ಸಲ ಅದೇ ಹೆಂಗಸಿಗೆ ಮಾತ್ರೆ ಬರೆಯುತ್ತಿದ್ದ. ಬಸ್ಸು ಭದ್ರಪ್ಪ ಲೇಔಟಿನ ನಿಲ್ದಾಣ ಬಿಟ್ಟು ಹೊರಟಿತ್ತು.

“ಅಕ್ಕಾ ಇಳೀರಿ! ಇಳೀರಿ!” ಎಂದು ಕೂಗಿದ. ಎಲ್ಲರೂ ತಿರುಗಿ ನೋಡಿದರು. “ಏನ್ರೀ ನೀವು, ಸ್ಟಾಪಲ್ಲಿ ನಿದ್ದೆ ಮಾಡ್ತಿದ್ರಾ?” ಎಂದು ಕಂಡಕ್ಟರ್ ಬೈದು ಸೀಟಿ ಊದಿದ. ನೀಲಕ್ಕ ಕೇಳಿದ್ದು ರಸ್ತೆಗಿಳಿದ ಮೇಲೆ, “ಏನಾತೋ? ಏನರ ಬಿಟ್ಟು ಬಂದಿ ಏನು?” ಎಂದು. “ಹೂಂ, ಡಾಕ್ಟರಿಗೆ ಒಂದು ಮಾತು ಹೇಳೂದು ಬಿಟ್ಟೆ” ಎಂದ ಅವನು. ಆಟೋ ಹಿಡಿದು ವಾಪಸ್ ಹೋಗಿ, ಆಕೆಯನ್ನು ಗೇಟಿನ ಬಳಿ ಬಿಟ್ಟು ಒಬ್ಬನೇ ಮೇಲೆ ಹತ್ತಿದ.

ಡಾಕ್ಟರ ಬಾಗಿಲಲ್ಲಿ ಅದೇ ಅಟೆಂಡರ್, ಎದೆಯ ಮೇಲಿನ ಪಟ್ಟಿಯಲ್ಲಿ ಗೋಪಿ ಎಂದಿತ್ತು. “ಆಗ್ಲೇ ನೋಡಿಸ್ಕೊಂಡ್ರಲ್ಲ ಸಾರ್, ಮತ್ತೆ ಟೋಕನ್ ತಗೊಳ್ಳಿ. ಇವತ್ತಿಂದು ಮುಗಿದಿದೆ, ನಾಳೆ ಬನ್ನಿ” ಎಂದ. ಎರಡೇ ನಿಮಿಷ ಎಂದ ಸಂಗಮೇಶ. ಎಲ್ಲರೂ ಎರಡು ನಿಮಿಷ ಅಂತಾರೆ ಎಂದ ಗೋಪಿ. ಒಂದು ಮಾತು ಹೇಳೋದು ಮರೆತಿದ್ದೆ ಎಂದ ಸಂಗಮೇಶ. “ಏನ್ ಮಾತು, ನನ್ ಹತ್ರ ಹೇಳಿ, ನಾನ್ ಹೇಳ್ತೀನಿ.” ಕುರ್ಚಿಗಳಲ್ಲಿ ಕೂತಿದ್ದವರು ಕತ್ತೆತ್ತಿದರು. ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದ ಬುರ್ಖಾದ ಹೆಂಗಸೊಬ್ಬಳು ಕೈ ತಡೆದಳು. ಸಂಗಮೇಶ ಮೊದಲು ಮೆಲ್ಲಗೆ ಹೇಳಿದ. ಗೋಪಿಗೆ ಕೇಳಿಸಲಿಲ್ಲ. “ನಾನು ಮೆಡಿಕಲ್ ಶಾಪಿನವನು ಕಣ್ರೀ” ಎಂದು ಜೋರಾಗಿಯೇ ಅಂದ. “ಆರು ವರ್ಷದ ಹಿಂದೆ ನೀಲಮ್ಮನಿಗೆ ಇದೇ ಮಾತ್ರೆ ಕೊಟ್ಟಿದ್ರು. ನಾಲ್ಕೇ ದಿನಕ್ಕೆ ನಿಲ್ಸಿ ಅಂತ ನಾನೇ ಹೇಳಿದ್ದೆ. ಅದನ್ನ ಒಳಗೆ ಹೇಳ್ಲಿಲ್ಲ. ಹೇಳ್ದೇ ಹೋದ್ರೆ ಈ ಮಾತ್ರೆ ಅವರಿಗೆ ಕೆಲಸ ಮಾಡಲ್ಲ.” ತನ್ನ ದನಿ ಕಾರಿಡಾರಿನ ತುದಿಯವರೆಗೆ ಹೋಗಿ ಗೋಡೆಗೆ ಬಡಿದು ಬಂದಂತೆ ಅವನಿಗೆ ಕೇಳಿಸಿತು. ಯಾರೋ “ಅಯ್ಯೋ” ಎಂದರು. ಗೋಪಿ ಬಾಗಿಲು ತೆರೆದ.

ಡಾಕ್ಟರ್ ಅತೀಯಾ ಬೈಯುತ್ತಾರೆ ಎಂದು ಅವನು ಕಾದ. ಬೈಯಲಿ ಎಂದು ಆಸೆಯಿತ್ತು. ಅವರು “ಎಷ್ಟು ದಿನ ತಗೊಂಡಿದ್ರು?” ಎಂದರು. ನಾಲ್ಕು ಎಂದ. ಹಳೆಯ ಚೀಟಿಯ ಮೇಲೆ ಅಡ್ಡಗೆರೆ ಎಳೆದು ಇನ್ನೊಂದು ಬರೆದರು, ನಾಲ್ಕು ಬಗೆಯ ಮಾತ್ರೆ, ದಿನಕ್ಕೆ ನಾಲ್ಕು ಹೊತ್ತು. “ಬಂದು ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಎರಡು ವಾರ ಹಾಳು, ಆಮೇಲೆ ಯಾಕೆ ಕಡಿಮೆಯಾಗಿಲ್ಲ ಅಂತ ನಾವು ಬೇರೇನೋ ಹುಡುಕ್ತಿದ್ವಿ” ಎಂದರು. ಅವನು ಚೀಟಿ ಹಿಡಿದು ನಿಂತೇ ಇದ್ದ. “ಮೇಡಂ, ಆವತ್ತು ಪೂರ್ತಿ ತಗೊಂಡಿದ್ರೆ ಇದು ಬರ್ತಿರ್ಲಿಲ್ವಾ?” ಡಾಕ್ಟರು ಕನ್ನಡಕ ತೆಗೆದರು. “ಬರದೇ ಇರಬಹುದಿತ್ತು. ಆವತ್ತೇ ಶುರುವಾಗಿದ್ದಿರಲೂಬಹುದು. ಅದನ್ನ ನಾನು ಹೇಳೋಕಾಗಲ್ಲ, ಯಾರೂ ಹೇಳೋಕಾಗಲ್ಲ” ಎಂದರು. ಹೌದು ಎಂದಿದ್ದರೆ ಅದನ್ನು ಹೊತ್ತುಕೊಳ್ಳುತ್ತಿದ್ದ, ಇಲ್ಲ ಎಂದಿದ್ದರೆ ಇಳಿಸುತ್ತಿದ್ದ. ಎರಡೂ ಅಲ್ಲದ್ದನ್ನು ಎಲ್ಲಿ ಇಡುವುದೆಂದು ತಿಳಿಯದೆ ಮೆಟ್ಟಿಲಿಳಿದ.

ನೀಲಕ್ಕ ಗೇಟಿನ ಹೊರಗೆ, ಚಹದ ಗಾಡಿಯ ಪಕ್ಕದ ಕಲ್ಲು ಚಪ್ಪಡಿಯ ಮೇಲೆ ಕೂತಿದ್ದಳು. ಅವನಿಗೂ ಜಾಗ ಮಾಡಿದಳು. “ಹೇಳಿದಿ?” “ಹೇಳಿದೆ ಅಕ್ಕಾ.” “ಹುಚ್ಚ. ನಾ ಇಲ್ಲ ಅಂದಿದ್ದು ನಿನ್ನ ಸಲುವಾಗಿ. ದೊಡ್ಡ ಡಾಕ್ಟರು, ನಿನ್ನ ಅಂಗಡಿ ಹೆಸರು ಕೇಳಿ ಏನರ ಮಾಡಿದ್ರ? ಸಣ್ಣ ಮಗಳು ಐತಿ ನಿಂಗ.” “ನಿಮ್ಮ ಜೀವದ ಮಾತದು ಅಕ್ಕಾ.” “ಅದಕ್ಕೂ ಇದಕ್ಕೂ ನಂಟೈತಿ ಅಂತ ನಂಗೇನ್ ಗೊತ್ತು?” ಎಂದು ನಕ್ಕಳು. ಆಮೇಲೆ ಅವನ ಮುಖ ನೋಡಿ, ಮೊಣಕಾಲಿನ ಮೇಲೆ ಕೈ ಇಟ್ಟಳು. “ಇಷ್ಟ್ಯಾಕ ಕರಗ್ತಿ? ನೀ ಏನ್ ಕೆಟ್ಟದ್ದು ಬಯಸಿ ಹೇಳಿದ್ದೇನು? ನಾ ಕಾರ್ಕೊಳ್ಳೂದು ನೋಡಿ ಕರಳು ಚುರ್ ಅಂದು ಬಿಡ್ರಿ ಅಂದಿ. ನಾ ರಕ್ಷಾಗ ಹೇಳ್ತಿದ್ದೆ, ಬೆಂಗಳೂರಾಗ ನನ್ನ ಹೊಟ್ಟಿ ಚಿಂತಿ ಮಾಡಾಂವ ಸಂಗಮೇಶ ಒಬ್ಬನ ಅಂತ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಕ್ಷಮೆ ಸಿಕ್ಕಾಗಿತ್ತು, ಮೊಣಕಾಲಿನ ಮೇಲೆ ಅದರ ಭಾರವೂ ಬಿಸಿಯೂ ಇತ್ತು. ಆದರೆ ಕ್ಷಮೆ ಸಿಕ್ಕಿದ್ದು ಆಕೆಯ ತಲೆಯೊಳಗಿದ್ದ ಯಾರೋ ಒಬ್ಬ ತಮ್ಮನಿಗೆ. ಅವನಿಗಲ್ಲ. “ನಿಮ್ಮ ಸಲುವಾಗಿ ಅಲ್ಲ ಅಕ್ಕಾ” ಎಂದ. “ದಾಕ್ಷಾಯಣಿ ಊರಿಗೆ ಹೋಗಿದ್ಲು. ನೀವು ಹತ್ತು ದಿನ ಮುಚ್ತೀನಿ ಅಂದ್ರಿ. ನನ್ನ ಊಟಕ್ಕೆ ತ್ರಾಸ ಆಕ್ಕೈತಿ ಅಂತ ಬಿಡ್ರಿ ಅಂದೆ. ಬರೇ ಅಷ್ಟ.”

ಗಾಡಿಯವನು ಚಹವನ್ನು ಎತ್ತಿ ಹಾಕುತ್ತಿದ್ದ. ನೀಲಕ್ಕ ಅದರತ್ತ ತಿರುಗಿದಳು. ಮೊಣಕಾಲಿನ ಮೇಲಿನ ಕೈ ಯಾವಾಗ ಹೋಯಿತೋ ಅವನಿಗೆ ತಿಳಿಯಲಿಲ್ಲ. “ರೊಟ್ಟಿ ಸಲುವಾಗಿ?” ಎಂದಳು. ಅವನು ತಲೆಯಾಡಿಸಿದ. “ಕೇಳಿದ್ರ ಹಾಕ್ತಿದ್ದೆನಲ್ಲೋ. ಖಾನಾವಳಿ ಮುಚ್ಚಿದ್ರೂ ನಿನಗೊಬ್ಬಂಗ ಎರಡು ರೊಟ್ಟಿ ಬಡಿಯಾಕ ಆಗ್ತಿದ್ದಿಲ್ಲೇನು ನಂಗ?” ಕೇಳಬಹುದಿತ್ತು ಎಂಬುದು ಆರು ವರ್ಷದಲ್ಲಿ ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ. ಆಕೆ ಎದ್ದು ಸೀರೆಯ ಹಿಂಬದಿ ಕೊಡವಿಕೊಂಡಳು. “ಇದನ್ನ ನಿನ್ನ ಹತ್ರನ ಇಟ್ಕೋಬೇಕಾಗಿತ್ತು. ಹೇಳಿ ನೀ ಹಗುರಾದಿ. ನನ್ನ ಹತ್ರ ಇದ್ದದ್ದೊಂದು ಹೋತು.” ಚೀಟಿಗೆ ಕೈಚಾಚಿದಳು. ಅವನು ಕೊಟ್ಟ. “ನೀ ನಡಿ. ಗುಳಿಗಿ ನಾ ಇಲ್ಲೇ ತಗೋತೀನಿ” ಎಂದು, ಓದಲು ಬಾರದ ಆ ಕಾಗದವನ್ನು ಹಿಡಿದು ಆಸ್ಪತ್ರೆಯ ಗೇಟಿನೊಳಗೆ ಹೋದಳು.

ಆ ಹದಿನಾಲ್ಕು ದಿನ ಖಾನಾವಳಿಯ ಬಾಗಿಲು ಮುಚ್ಚಿತ್ತು. ಕಾಲೇಜಿನ ಹುಡುಗರು ಬಂದು, ಬೀಗ ನೋಡಿ, “ಏನ್ ಗುರು, ಅಕ್ಕ ಊರಿಗೆ ಹೋದ್ರಾ?” ಎಂದು ಇವನನ್ನೇ ಕೇಳುತ್ತಿದ್ದರು. ರಕ್ಷಾ ರಜೆ ಹಾಕಿ ಬಂದಿದ್ದಳು. ಒಂಬತ್ತನೆಯ ದಿನ ಅವಳು ಅಂಗಡಿಯ ಮುಂದೆ ನಿಂತು, “ಅವ್ವನ ನಾಲಿಗಿ ಕರ್ರಗಾಗೈತ್ರಿ, ಅಂಜ್ಯಾಳ. ನಿಮ್ಮನ್ನ ಕೇಳು ಅಂತ ಅಕಿ ಹೇಳಿಲ್ಲ, ನಾನ ಬಂದೆ” ಎಂದಳು. ಆ ಮಾತ್ರೆಗಳಲ್ಲಿ ಒಂದರಿಂದ ಹಾಗಾಗುತ್ತದೆ, ಅಂಜಬೇಕಿಲ್ಲ, ಆಮೇಲೆ ಹೋಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದ. ಹೇಳಿ, ತನ್ನ ಮಾತಿನ ಮೇಲೆ ತನಗೇ ನಂಬಿಕೆ ಸಾಲದೆ, “ಆದ್ರೂ ಡಾಕ್ಟರಿಗೆ ಫೋನ್ ಹಚ್ಚಿ ಕೇಳಮ್ಮ. ನನ್ನ ಮುಂದನ ಹಚ್ಚು” ಎಂದ. ಅವಳು ಹಚ್ಚಿದಳು. ಡಾಕ್ಟರು ಅದನ್ನೇ ಹೇಳಿದರು. ಎಷ್ಟೇ ಕಷ್ಟವಾದರೂ ಒಂದು ಮಾತ್ರೆಯನ್ನೂ ಬಿಡಬೇಡಿ ಎಂದು ಅವರು ಹೇಳುವುದು ಫೋನಿನಿಂದ ಹೊರಗೆ ಕೇಳಿಸಿತು. ಅವನು ಹಿಂದಿನ ಶೆಲ್ಫಿನತ್ತ ತಿರುಗಿ, ಜೋಡಿಸಿದ್ದ ಡಬ್ಬಿಗಳನ್ನೇ ಮತ್ತೆ ಜೋಡಿಸಿದ.

ಎರಡು ತಿಂಗಳ ನಂತರದ ಉಸಿರಿನ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಇರಲಿಲ್ಲ. ಆರು ತಿಂಗಳ ನಂತರ ಮತ್ತೆ ಎಂಡೋಸ್ಕೋಪಿ ಮಾಡಿದಾಗ ಗಡ್ಡೆಯೂ ಕಾಣಲಿಲ್ಲ. ಕೆಲವು ವರ್ಷ ಆಗಾಗ ನೋಡಿಸುತ್ತಿರಬೇಕು, ಆದರೆ ಈಗ ಭಯವಿಲ್ಲ ಎಂದರಂತೆ. ಇದೆಲ್ಲ ಅವನಿಗೆ ತಿಳಿದದ್ದು ರಕ್ಷಾಳಿಂದ. ಅವಳ ಫೋನು ಬಂದ ಮಧ್ಯಾಹ್ನ ಅವನು ಅಂಗಡಿಯಲ್ಲಿ ಗಿರಾಕಿಗಳಿದ್ದಾಗಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ಅತ್ತು ಮುಖ ತೊಳೆಯುವಾಗ, ಆಕೆ ಬದುಕಿದಳೆಂದು ಅತ್ತೆನೋ ತಾನು ಉಳಿದೆನೆಂದು ಅತ್ತೆನೋ ಎಂಬ ಅನುಮಾನ ಬಂತು. ಆ ಸಂಜೆ ದಾಕ್ಷಾಯಣಿ, “ಹೋಗಿ ಮಾತಾಡಿಸ್ಕೊಂಡ್ ಬರ್ರಿ, ಮೂರು ಬಾಗಿಲ ದೂರ ಐತಿ” ಎಂದಳು. ಹೋದ. ಒಳಗೆ ನೀಲಕ್ಕನ ದನಿ ಯಾರಿಗೋ ಪಲ್ಯ ಬೇಕೇನೆಂದು ಕೇಳುತ್ತಿತ್ತು. ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ಸ್ವಲ್ಪ ಹೊತ್ತು ನಿಂತು ವಾಪಸ್ ಬಂದ. ಆಕೆ ಅವನ ಅಂಗಡಿಗೆ ಬರಲಿಲ್ಲ. ಅವನು ಆಕೆಯ ರೊಟ್ಟಿ ತಿನ್ನಲಿಲ್ಲ. ಹೊಸ ಬೇಸಿಗೆ ಬಂತು.

ಏಪ್ರಿಲ್ಲಿನ ಒಂದು ಮಧ್ಯಾಹ್ನ, ಗೊರಗುಂಟೆಪಾಳ್ಯದ ಫ್ಯಾಕ್ಟರಿಯೊಂದರ ನೀಲಿ ಅಂಗಿ ತೊಟ್ಟ ಐವತ್ತರ ಮನುಷ್ಯನೊಬ್ಬ ಕೌಂಟರಿನ ಮುಂದೆ ನಿಂತ. ಹೆಸರು ಪಂಚಪ್ಪ ಎಂದ. ಬಲಗೈ ಎದೆಗೂಡಿನ ಕೆಳಗೆ ಒತ್ತಿ ಹಿಡಿದಿದ್ದ. “ಹೊಟ್ಟಿ ಉರೀತೈತ್ರಿ. ಊಟಾ ಅರ್ಧಕ್ಕ ಬಿಟ್ಟು ಎದ್ದೆ. ನೀಲಕ್ಕ ಕಳಿಸ್ಯಾಳ.” ಸಂಗಮೇಶನ ಕೈ ಗ್ಯಾಸ್ಟ್ರಿಕ್ ಮಾತ್ರೆಯ ಡಬ್ಬಿಯ ಬಳಿಯೇ ಇತ್ತು. ಅಲ್ಲೇ ನಿಂತಿತು. “ನನ್ನ ಹತ್ರಾನ ಹೋಗು ಅಂದ್ಲೇನು?” “ಹೂನ್ರೀ. ಬಾಜೂಕಿನ ಅಂಗಡ್ಯಾಗ ತಗೋತೀನಿ ಅಂದ್ರ ಬ್ಯಾಡ ಅಂದ್ಲು. ಸಂಗಮೇಶನ ಕಡೆ ಹೋಗು, ಅಂವ ಒಮ್ಮೆ ಸುಳ್ಳು ಹೇಳ್ಯಾನ, ಇನ್ನೊಮ್ಮೆ ಹೇಳಂಗಿಲ್ಲ ಅಂದ್ಲು.”

ಬೀದಿಯಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿ ಬಡಿದುಕೊಳ್ಳುತ್ತ ಹೋಯಿತು. ಅದು ದೂರವಾಗುವವರೆಗೆ ಸಂಗಮೇಶ ಕಾದ. “ಹ್ಯಾಂಗ ಅಂದ್ಲು?” ಎಂದು ಕೇಳಿದ. “ಅಂದ್ರ, ನಕ್ಕೋತ ಅಂದ್ಲೋ, ಸಿಟ್ಟಿಲೆ ಅಂದ್ಲೋ?”

ಪಂಚಪ್ಪ ಅವನನ್ನು ವಿಚಿತ್ರವಾಗಿ ನೋಡಿದ. ಸ್ವಲ್ಪ ಯೋಚಿಸಿಯೂ ನೋಡಿದ.

“ಗೊತ್ತಾಗ್ಲಿಲ್ರಿ. ಆ ಕಡೆ ತಿರುಗಿ ರೊಟ್ಟಿ ಬಡಿಯಾಕ ಹತ್ತಿದ್ಲು.”

ಸಂಗಮೇಶ ಕೌಂಟರಿನ ಮಗ್ಗುಲ ಹಲಗೆ ಎತ್ತಿ, ಒಳಗಿದ್ದ ಒಂದೇ ಸ್ಟೂಲನ್ನು ಹೊರಗಿಟ್ಟ. “ಕುಂದರ್ರಿ” ಎಂದ. “ಎಷ್ಟ್ ದಿನದಿಂದ ಐತಿ ಇದು?”